ವಾರಕ್ಕ ಮೂರು ದಿನ ಭಾರ, ಮೂರು ದಿನ ಕಂಬ: ಭುಜ, ಮೊಣಕೈ ಉಳಿಸ್ಕೊಂಡು ಹೆಂಗ ಹೊಂದಸೂದು?

ಬಾರ್‌ಬೆಲ್ ಅಕ್ಕಲಕೋಟ
ನಮಸ್ಕಾರ ಎಲ್ಲಾರಿಗೂ. ನೇರ ವಿಷಯಕ್ಕ ಬರ್ತೀನಿ. ತೂಕ 58 ಕೆ.ಜಿ. ಸೋಮ, ಬುಧ, ಶುಕ್ರ ಜಿಮ್: ಸ್ಕ್ವಾಟ್ (ಬಾರ್ ಹೊತ್ತು ಕೂತು ಏಳೂದು), ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತೂದು), ಬೆಂಚ್ (ಮಲಗಿ ಬಾರ್ ತಳ್ಳೂದು), ತೂಕ ಕಟ್ಕೊಂಡು ಪುಲ್‌ಅಪ್ 5 ಸೆಟ್ 5 ರೆಪ್ (ಐದೈದು ಸಲದ ಐದು ಸರದಿ). ಮಂಗಳ, ಗುರು, ಶನಿ 45 ಮಿ.ಮೀ. ಸ್ಟೀಲ್ ಪೋಲ್ (ನೆಟ್ಟಗ ನಿಲ್ಲಸಿದ ಕಂಬ) ಹತ್ತಿ ಆಡೂ ಕಸರತ್ತು ಒಂದು ತಾಸು. ಈಗ ಇನ್ವರ್ಟ್ (ಕಂಬ ಹಿಡ್ಕೊಂಡು ತಲಿಕೆಳಗ ಆಗೂದು) ಕಲಿಯೂ ಹಂತ. ಎಡಗೈ ಮೊಣಕೈ ಒಳಮಗ್ಗಲು ಹಿಡ್ಕೊಂಡದ, ಪುಲ್‌ಅಪ್ ಎಳೆಯೂಮುಂದ ಚುಚ್ಚತದ. ಭಾರ ಬಿಡಬೇಕಾ, ಕಂಬ ಬಿಡಬೇಕಾ, ಇಲ್ಲಾ ಎರಡೂ ಇಟ್ಕೊಂಡು ದಿನ ಬದಲಿ ಮಾಡಿದ್ರ ಸಾಕಾ? ಸೆಟ್, ರೆಪ್ ಲೆಕ್ಕದಾಗ ಹೇಳ್ರಿ. "ಶರೀರದ ಮಾತು ಕೇಳ್ರಿ" ಅನ್ನೂ ಉತ್ತರ ಬ್ಯಾಡ.

ಕಂಬದ ಮಾಸ್ತರ, ಜತ್ತ
ಅಕ್ಕಾರ, ಎರಡೂ ಬಿಡೂದು ಬ್ಯಾಡ್ರಿ. ಲೆಕ್ಕ ತಪ್ಪೇದ ಅಷ್ಟ.

ನೀವು ಪೋಲ್‌ನ "ಬ್ಯಾರೆ ಆಟ" ಅಂತ ತಿಳ್ಕೊಂಡೀರಿ. ಅದು ಎಳ್ಯೂ ಕೆಲಸಾನ. ಒಂದು ತಾಸಿನ ಕ್ಲಾಸ್‌ನ್ಯಾಗ ಆರೇಳು ಸಲ ಹತ್ತೂದು, ಹತ್ತು-ಹನ್ನೆರಡು ಇನ್ವರ್ಟ್, ಮ್ಯಾಲ ಹದಿನೈದಿಪ್ಪತ್ತು ಸ್ಪಿನ್ (ಕಂಬ ಹಿಡ್ಕೊಂಡು ಸುತ್ತ ತಿರಗೂದು). ಒಂದೊಂದಕ್ಕೂ ನಿಮ್ಮ ಮೈತೂಕ ನಿಮ್ಮ ಮುಷ್ಟಿ ಮ್ಯಾಲ. ಮರುದಿನ ಜಿಮ್‌ಗೆ ಹೋಗಿ ಮತ್ತ ಪುಲ್‌ಅಪ್, ಮತ್ತ ರೋ (ಭಾರಾನ ಎದಿ ಕಡೆ ಎಳ್ಯೂದು), ಮತ್ತ ಬರಿಗೈ ಡೆಡ್‌ಲಿಫ್ಟ್. ಅಂದ್ರ ವಾರಕ್ಕ ಆರು ದಿನ ಮುಂಗೈಗೆ ರಜಾನ ಇಲ್ಲ. ಕಾಲಿಗೆ ಎರಡು ದಿನ ಕೆಲಸ, ತಳ್ಳೂ ಸ್ನಾಯುಗೆ ಒಂದೂವರೆ ದಿನ, ಮುಷ್ಟಿಗೆ ಆರು ದಿನ. ನೋವು ಅಲ್ಲೇ ಬರಬೇಕು, ಬಂದದ.

ಹಂಗಾಗಿ ಜಿಮ್‌ನ್ಯಾಗ ಕಂಬ ಕೊಡಲಾರದ್ದನ್ನ ಮಾಡ್ರಿ: ತಳ್ಳೂದು, ಕಾಲು, ಭುಜದ ಹಿಂಬದಿ. ಕಂಬ ಕೊಡೂದನ್ನ ಕಮ್ಮಿ ಮಾಡ್ರಿ.

ಪುಲ್‌ಅಪ್ ವಾರಕ್ಕ ಒಂದ ದಿನ, 3 ಸೆಟ್ 4 ರೆಪ್, ತೂಕ ಕಟ್ಟಲಾರದ. ಡೆಡ್‌ಲಿಫ್ಟ್‌ಗೆ ಸ್ಟ್ರಾಪ್ (ಮಣಿಕಟ್ಟಿಗೆ ಹಾಕಿ ಬಾರಿಗೆ ಸುತ್ತೂ ಪಟ್ಟಿ) ಹಾಕ್ರಿ. ಸ್ಟ್ರಾಪ್ ಹಾಕಿದ್ರ ಹಿಡಿತ ಸಡಲ ಆಗ್ತದ ಅನ್ನೋ ಮಾತು ಬರೀ ಭಾರ ಎತ್ತವರಿಗೆ ಇರಬಹುದು, ನಿಮಗಲ್ಲ, ನಿಮ್ಮ ಹಿಡಿತಕ್ಕ ಕಂಬದಾಗ ಬೇಕಾದಷ್ಟು ಕೆಲಸ ಅದ. ರೋ ಮಾಡೂದಿದ್ರ ಓರೆ ಬೆಂಚ್ ಮ್ಯಾಲ ಎದಿ ಇಟ್ಟು, ಡಂಬಲ್ ಹಗುರ ತಗೊಂಡು 2 ಸೆಟ್ 10. ಬಾರಿಗೆ ಜೋತು ಬಿದ್ದು ಕಾಲು ಎತ್ತೂ ಹೊಟ್ಟಿ ವ್ಯಾಯಾಮಾನೂ ಮುಷ್ಟಿ ಲೆಕ್ಕಕ್ಕ ಹಿಡೀರಿ. ಅದರ ಬದಲಿ ನೆಲಕ್ಕ ಮಲಗಿ ಮಾಡೂ ಹೊಟ್ಟಿ ಕೆಲಸ ಸಾಕು.

ದಿನದ ಮಾತು. ನೀವು ಒಂದಿನ ಭಾರ, ಒಂದಿನ ಕಂಬ ಹಾಕೀರಿ. ನೋಡ್ಲಾಕ ಚೊಲೋ ಕಾಣತದ, ಖರೆ ಅಂದ್ರ ಒಂದು ದಿನಾನೂ ಖಾಲಿ ಇಲ್ಲ. ಎರಡೂ ಒಂದ ದಿನ ಹಾಕ್ರಿ: ಮುಂಜಾನಿ ಕಂಬ, ಸಂಜಿಕ ಭಾರ, ನಡುವ ಆರು ತಾಸು. ಮರುದಿನ ಪೂರಾ ಖಾಲಿ. ಕಂಬ ಮೊದಲು ಯಾಕಂದ್ರ, ಸುಸ್ತಾದ ಕೈ ಬಾರ್ ಬಿಟ್ರ ಬಾರ್ ನೆಲಕ್ಕ ಬೀಳತದ, ಕಂಬ ಬಿಟ್ರ ನೀವು ಬೀಳ್ತೀರಿ.

ಬಾರ್‌ಬೆಲ್ ಅಕ್ಕಲಕೋಟ
ನೌಕರಿ ಇದ್ದವರಿಗೆ ಆರು ತಾಸಿನ ಅಂತರ ಎಲ್ಲಿಂದ ಬರಬೇಕು ಮಾಸ್ತರ?

ಕಂಬದ ಮಾಸ್ತರ, ಜತ್ತ
ಬರಲಿಲ್ಲಂದ್ರ ಒಂದರ ಬೆನ್ನಿಗೆ ಒಂದು. 45 ನಿಮಿಷ ಕಂಬ, 10 ನಿಮಿಷ ದಮ್, 35 ನಿಮಿಷ ಭಾರ. ಸೆಟ್ 3ರ ಬದಲಿ 2. ಮರುದಿನ ಖಾಲಿ ಇಡೂದು ಮಾತ್ರ ತಪ್ಪಸಬ್ಯಾಡ್ರಿ.

ಹೊಸೂರು ಫಿಜಿಯೊ
ಮಾಸ್ತರರು ಹೇಳಿದ್ದು ಸರಿ. ಮೊಣಕೈ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇದನ್ನ ತಪ್ಪಾಗಿ ನಿಭಾಯಿಸಿ ತಿಂಗಳುಗಟ್ಟಲೆ ಎಳೆಯೋದೇ ಹೆಚ್ಚು.

ಬೆರಳು ಮತ್ತು ಮಣಿಕಟ್ಟನ್ನ ಮಡಚೋ ಸ್ನಾಯುಗಳಲ್ಲಿ ಬಹುಪಾಲು ಮೊಣಕೈ ಒಳಬದಿಯ ಮೂಳೆಯ ಉಬ್ಬಿಗೆ ಒಂದೇ ಸ್ನಾಯುರಜ್ಜು ಆಗಿ ಅಂಟಿಕೊಂಡಿರುತ್ತವೆ. ಮುಷ್ಟಿ ಬಿಗಿದಾಗಲೆಲ್ಲ ಎಳೆತ ಬರೋದು ಆ ಒಂದು ಜಾಗಕ್ಕೆ. ಸ್ನಾಯು ಕೆಲವೇ ವಾರದಲ್ಲಿ ಬಲ ಆಗುತ್ತೆ, ರಜ್ಜು ಹೊಂದಿಕೊಳ್ಳೋಕೆ ತಿಂಗಳುಗಳು ಬೇಕು. ಅದಕ್ಕೇ "ಇನ್ವರ್ಟ್ ಬರ್ತಾ ಇದೆ, ಬಲ ಇದೆ" ಅನ್ನಿಸೋ ಹೊತ್ತಲ್ಲೇ ಈ ನೋವು ಶುರುವಾಗೋದು.

ಪೂರ್ತಿ ವಿಶ್ರಾಂತಿ ಕೊಟ್ರೆ ನೋವು ಇಳಿಯುತ್ತೆ, ಕಂಬಕ್ಕೆ ವಾಪಸ್ ಹೋದ ವಾರವೇ ಮತ್ತೆ ಬರುತ್ತೆ. ಹೀಗೆ ಮಾಡಿ: ಕುರ್ಚೀಲಿ ಕೂತು ಮುಂಗೈಯನ್ನ ತೊಡೆ ಮೇಲಿಟ್ಟು, ಅಂಗೈ ಮೇಲ್ಮುಖವಾಗಿ 2-3 ಕೆ.ಜಿ. ಡಂಬಲ್ ಹಿಡ್ಕೊಂಡು ಮಣಿಕಟ್ಟನ್ನ ನೇರವಾಗಿ ಅಲ್ಲಾಡಿಸದೆ 30ರಿಂದ 45 ಸೆಕೆಂಡ್ ನಿಲ್ಲಿಸಿ. ಒಂದು ನಿಮಿಷ ಬಿಡಿ. ನಾಲ್ಕೈದು ಸಲ, ದಿನಕ್ಕೊಮ್ಮೆ. ಎರಡು ವಾರದ ಮೇಲೆ ಅದೇ ಡಂಬಲ್‌ನ ಇನ್ನೊಂದು ಕೈಯಿಂದ ಮೇಲೆತ್ತಿ, ನೋವಿರೋ ಕೈಯಿಂದ ನಾಲ್ಕು ಎಣಿಸೋವರೆಗೆ ನಿಧಾನಕ್ಕೆ ಇಳಿಸೋದು, 3 ಸೆಟ್ 12.

ನೋವಿನ ಅಳತೆ: ಹತ್ತಕ್ಕೆ ಮೂರರೊಳಗಿದ್ದು ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿದ್ರೆ ಮುಂದುವರಿಸಿ. ಬೆಳಿಗ್ಗೆ ಹೆಚ್ಚಾಗಿದ್ರೆ ಹಿಂದಿನ ದಿನದ ಕೆಲಸದಲ್ಲಿ ಮೂರನೇ ಒಂದು ಭಾಗ ಕಡಿತ. ಉಂಗುರ ಬೆರಳು ಮತ್ತು ಕಿರುಬೆರಳಲ್ಲಿ ಜುಮುಜುಮು ಅಥವಾ ಮರಗಟ್ಟಿದ ಹಾಗೆ ಇದ್ರೆ ಅದು ಬರೀ ರಜ್ಜು ಅಲ್ಲ, ಅಲ್ಲೇ ಪಕ್ಕದಲ್ಲಿ ಹಾದುಹೋಗೋ ನರ. ಆಗ ಕಂಬ ನಿಲ್ಲಿಸಿ ವೈದ್ಯರಿಗೆ ತೋರಿಸಿ. ರಾತ್ರಿ ಆ ಮಗ್ಗುಲಿಗೆ ಮಲಗೋಕಾಗದ ಭುಜದ ನೋವಿಗೂ ಇದೇ ಮಾತು.

ಗರಡಿಮನಿ ಸೊಲ್ಲಾಪುರ
ಇಷ್ಟೆಲ್ಲಾ ಯಾಕ್ ಬೇಕ್ರಿ? ದಂಡ, ಬೈಠಕ್, ಮುದ್ಗರ (ತಿರವೂ ಕಟಿಗಿ ಗದಿ). ಹಿಂದಿನ ಮಂದಿ ಇದರ ಮ್ಯಾಲೇ ಮಲ್ಲಕಂಬ ಆಡ್ಯಾರ. ನಮ್ಮ ಬಾಜೂ ಕಲ್ಯಾಣದಾಗ ಆಳಿದ ಚಾಲುಕ್ಯ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಾಗ, 12ನೇ ಶತಮಾನದಾಗ, ಮಲ್ಲಸ್ತಂಭದ ಮಾತು ಅದ. ಆಗ ಯಾವ ಬಾರ್‌ಬೆಲ್ ಇತ್ತು?

ಕಂಬದ ಮಾಸ್ತರ, ಜತ್ತ
ಗರಡಿ ಅಣ್ಣಾರ, ಮುದ್ಗರಕ್ಕ ಕೈ ಮುಗೀತೀನಿ. ಎರಡು-ಮೂರು ಕೆ.ಜಿ.ದು ತಗೊಂಡು ಕಡೀಗೆ ಇಪ್ಪತ್ತು ಸುತ್ತು ತಿರವಿದ್ರ ಭುಜಕ್ಕ ಅದರಂಥ ಬಿಸಿ ಇನ್ನೊಂದಿಲ್ಲ. ದಂಡದ ಮಾತು ಬ್ಯಾರೆ. ನೂರು ದಂಡ ಅಂದ್ರ ನೂರು ಸಲ ಮಣಿಕಟ್ಟು ಹಿಂದಕ್ಕ ಮಡಚೂದು. ಪೋಲ್‌ನ್ಯಾಗ ಕೆಳಗಿನ ಕೈ ತಳ್ಳೂಮುಂದ ಅದೇ ಮಣಿಕಟ್ಟ ಮತ್ತ ಮಡಚತದ. ಇಪ್ಪತ್ತರ ಮೂರು ಸೆಟ್ ಸಾಕು, ಅದೂ ಕಂಬ ಇಲ್ಲದ ಹೊತ್ತಿಗೆ, ಮುಷ್ಟಿ ಕಟ್ಕೊಂಡು ಇಲ್ಲಾ ಹಿಡಿ ಇರೂ ಸ್ಟ್ಯಾಂಡ್ ಮ್ಯಾಲ.

ಮಲ್ಲಕಂಬಕ್ಕೂ ಸ್ಟೀಲ್ ಪೋಲ್‌ಗೂ ಹಿಡಿತಾನ ಬ್ಯಾರೆ. ನಮ್ಮದು ಸಾಗವಾನಿ ಇಲ್ಲಾ ಶೀಸಂ ಕಟಿಗಿ, ಬುಡ ದಪ್ಪ, ಮ್ಯಾಲ ಹೋದಂಗ ಸಣ್ಣ. ಒಂದು ಮುಷ್ಟಿಗೆ ಸಿಗೂದಿಲ್ಲ, ಹಂಗಾಗಿ ತೊಡಿ, ಬಗಲು, ಪಾದ ಭಾರ ತಗೋತಾವ. ಅಢಿ (ತೊಡಿಲೆ ಕಂಬ ಹಿಡಿಯೂದು) ಹೊಡದ ಮ್ಯಾಲ ಕೈ ಬಿಟ್ರೂ ತೊಡಿ ಹಿಡೀತದ. 45 ಮಿ.ಮೀ. ಸ್ಟೀಲ್ ಪೂರಾ ಮುಷ್ಟಿಯೊಳಗ ಬರ್ತದ, ಅದಕ್ಕ ಕೈನ ಎಲ್ಲಾ ಎಳೀಲಾಕ ಹೋಗ್ತದ. ಮತ್ತ ಕಟಿಗಿಗೆ ಔಡಲೆಣ್ಣಿ ಹಚ್ಚತೀವಿ, ಚರ್ಮ ಸುಲೀಬಾರದು ಅಂತ. ಆ ರೂಢಿ ತಗೊಂಡು ಹೋಗಿ ಸ್ಟೀಲ್‌ಗೆ ಎಣ್ಣಿ ಕೈ ಹಚ್ಚೀರಿ ಮತ್ತ! ಎರಡೂ ಆಡವರು ಮಲ್ಲಕಂಬದ ದಿನ ಸ್ಟೀಲ್ ಮುಟ್ಟಬಾರದು. ಸಾಬಾಣ ಹಚ್ಚಿ ತೊಳದ್ರೂ ತೊಡಿ ಮ್ಯಾಲಿನ ಔಡಲೆಣ್ಣಿ ಜಲ್ದಿ ಹೋಗೂದಿಲ್ಲ.

ಮಂಜೇಶ್ವರದ ಮಳೆ
ಜಾರುವ ವಿಷಯ ಬಂತಲ್ಲ, ನಮ್ಮ ಕರಾವಳಿಯದ್ದು ಹೇಳ್ತೇನೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕೈ ಒಣಗುವುದೇ ಇಲ್ಲ ಮಾರಾಯ್ರೆ. ಆದ್ರೆ ಜಾರುವುದಕ್ಕೆ ಕಾರಣ ಎರಡು ಉಂಟು, ಮದ್ದು ಬೇರೆ ಬೇರೆ.

ಒಂದು, ಅಂಗೈ ಬೆವರು. ಗಾಳಿಯಲ್ಲಿ ತೇವ ತುಂಬಿರುವಾಗ ಅದು ಆರುವುದಿಲ್ಲ. ಇದಕ್ಕೆ ಮೆಗ್ನೀಸಿಯಂ ಕಾರ್ಬೊನೇಟ್ ಚಾಕ್, ದ್ರವದ್ದಾದ್ರೆ ಒಳ್ಳೇದು. ಹಚ್ಚಿ ಅರ್ಧ ನಿಮಿಷ ಒಣಗ್ಲಿಕ್ಕೆ ಬಿಡ್ಬೇಕು.

ಎರಡು, ಪೋಲೇ ಚಂಡಿ ಆಗುವುದು. ಎ.ಸಿ. ಹಾಲ್‌ನಲ್ಲಿ ಸ್ಟೀಲ್ ತಣ್ಣಗೆ ಇರ್ತದೆ, ಯಾರೋ ಬಾಗಿಲು ತೆಗೆದು ಹೊರಗಿನ ಗಾಳಿ ಒಳಗೆ ಬಂದ್ರೆ ಅದರ ಮೇಲೆ ಸಣ್ಣ ಹನಿ ಕೂತುಕೊಳ್ತದೆ. ಕಣ್ಣಿಗೆ ಕಾಣುವುದಿಲ್ಲ. ಬೆರಳು ಎಳೆದ್ರೆ ಗೆರೆ ಮೂಡ್ತದೆ. ಇದಕ್ಕೆ ಚಾಕ್ ಎಷ್ಟು ಹಚ್ಚಿದ್ರೂ ಪ್ರಯೋಜನ ಇಲ್ಲ, ಹಿಟ್ಟು ಕಲಸಿದ ಹಾಗೆ ಆಗ್ತದೆ ಅಷ್ಟೆ. ಒಂದೋ ಎ.ಸಿ. ಪೂರ್ತಿ ಬಂದ್ ಮಾಡಿ ಫ್ಯಾನ್ ಹಾಕಿ, ಅಥವಾ ಬಾಗಿಲು ಮುಚ್ಚಿ ಶುರುವಿನಿಂದ ಕೊನೆ ತನಕ ಎ.ಸಿ. ಓಡಿಸಿ. ಪ್ರತಿಯೊಬ್ಬರ ಸರದಿಗೆ ಮುಂಚೆ ಒಣ ಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸಿ, ಐಸೊಪ್ರೊಪೈಲ್ ಸ್ಪಿರಿಟ್‌ನಿಂದ ಇನ್ನೊಮ್ಮೆ. ಜಾರುವ ಕಂಬವನ್ನು ಹಿಡೀಲಿಕ್ಕೆ ಮುಷ್ಟಿ ಇನ್ನೂ ಹೆಚ್ಚು ಬಿಗಿಯಬೇಕಾಗ್ತದೆ, ಫಿಜಿಯೊ ಹೇಳಿದ ಆ ಮೊಣಕೈಗೆ ಹೊಡೆತ ಅಲ್ಲಿಂದಲೂ ಬರ್ತದೆ. ಹಿಡಿತ ಸರಿ ಇಲ್ಲದ ದಿನ ಇನ್ವರ್ಟ್ ಬೇಡ, ನೆಲದ ಕೆಲಸ ಮಾಡಿ ಮನೆಗೆ ಹೋಗಿ.

ಮತ್ತೆ ಹತ್ತುವ ಕ್ರಮ. ಸುಮಾರು ಮಂದಿ ಕೈಯಲ್ಲೇ ಎಳೆದು ಹತ್ತುವುದು ಕಾಣ್ತದೆ. ಅಡಿಕೆ ಮರ ಹತ್ತುವವರು ತಳೆ (ಹಗ್ಗದ ಬಳೆ) ಹಾಕುವುದು ಕಾಲಿಗೆ, ಕೈಗಲ್ಲ. ಹಾಗೆಯೇ ಇಲ್ಲೂ: ಒಂದು ಪಾದದ ಮೇಲ್ಭಾಗ ಮತ್ತು ಕಣಕಾಲು ಕಂಬಕ್ಕೆ ಒತ್ತಿ, ಇನ್ನೊಂದು ಕಾಲಿನ ಮೀನಖಂಡ ಹಿಂದಿನಿಂದ ಅಡ್ಡ ಕೊಟ್ಟು, ಮೊಣಕಾಲು ನೇರ ಮಾಡಿ ಎದ್ದು ನಿಲ್ಲುವುದು. ಆಮೇಲೆ ಕೈ ಮೇಲೆ ಹೋಗುವುದು. ಕೈ ಬರೀ ಜಾಗ ಬದಲಾಯಿಸ್ತದೆ. ಇಷ್ಟು ಸರಿ ಮಾಡಿದ್ರೆ ಒಂದು ಕ್ಲಾಸಿನ ಎಳೆತ ಎಷ್ಟೋ ಕಡಿಮೆ ಆಗ್ತದೆ.

ಬಾರ್‌ಬೆಲ್ ಅಕ್ಕಲಕೋಟ
ಬೆರಳಿನ ಗೆರಿ ಪರೀಕ್ಷಾ ಚೊಲೋ ಅದ, ಅಕ್ಕಾರ. ನಮ್ಮಲ್ಲಿ ಉಲ್ಟಾ, ಡಿಸೆಂಬರ್-ಜನವರಿಗೆ ಚರ್ಮ ಒಣಗಿ ಹಿಡಿತ ಸಿಗೂದಿಲ್ಲ, ಪೋಲ್ ಥಂಡಿ ಹೊಡೀತಿರ್ತದ.

ಮಂಜೇಶ್ವರದ ಮಳೆ
ಹಾಗಾದ್ರೆ ಚಾಕ್ ಬೇಡವೇ ಬೇಡ, ಅದು ಇನ್ನೂ ಒಣಗಿಸ್ತದೆ. ಒಣ ಟವೆಲ್‌ನಿಂದ ಪೋಲನ್ನು ಉಜ್ಜಿ ಬಿಸಿ ಮಾಡಿ, ತೊಡೆಗೆ ಸ್ವಲ್ಪ ನೀರು ಚಿಮುಕಿಸಿ ಒರೆಸಿ. ಕ್ರೀಮ್ ಹಚ್ಚುವುದಾದ್ರೆ ಕ್ಲಾಸ್ ಮುಗಿದ ರಾತ್ರಿ.

ಮಡಕಶಿರಾ ಕಬ್ಬಿಣ
ಮನೇಲಿ ಪೋಲ್ ಹಾಕ್ಕೊಳ್ಳೋರಿಗೆ ಒಂದು ಎಚ್ಚರಿಕೆ. ನೆಲಕ್ಕೂ ಮೇಲ್ಛಾವಣಿಗೂ ನಡುವೆ ಒತ್ತಿ ನಿಲ್ಲಿಸೋ ಪೋಲ್ ಕಾಂಕ್ರೀಟ್ ಸ್ಲ್ಯಾಬ್ ಅಥವಾ ತೊಲೆ ಕೆಳಗೆ ಮಾತ್ರ. ಪಿ.ಒ.ಪಿ. ಸೀಲಿಂಗ್, ಶೀಟು, ಹಂಚು, ಜಂತಿ ಮೇಲೆ ಮಣ್ಣು ಹಾಕಿದ ಹಳೇ ಮಾಳಿಗೆ ಮನೆ ಯಾವುದೂ ಆಗಲ್ಲ. ಒತ್ತಿದ ಹಾಗೆ ಛಾವಣಿ ಮೇಲೇಳುತ್ತೆ, ತೂಗಿದ ಹಾಗೆ ಪೋಲ್ ಸಡಿಲ ಆಗುತ್ತೆ. ರಸಮಟ್ಟ ಹಿಡಿದು ಎರಡು ಬದಿ ನೇರ ನೋಡಿ. ಹಾಕಿದ ಮರುದಿನ ಒಮ್ಮೆ, ಆಮೇಲೆ ವಾರಕ್ಕೊಮ್ಮೆ ಬಿಗಿ ನೋಡಿ. ತಿರುಗೋ ಪೋಲ್ ಆದ್ರೆ ಲಾಕ್ ಮಾಡೋ ಸ್ಕ್ರೂನೂ ನೋಡಿ. ಸುತ್ತ ಒಂದೂವರೆ ಮೀಟರ್ ಜಾಗ ಖಾಲಿ. 10 ಸೆಂ.ಮೀ.ಗಿಂತ ತೆಳು ಮ್ಯಾಟ್ ಮೇಲೆ ತಲೆಕೆಳಗಾಗಬೇಡಿ. ತಲೆ ಮೊದಲು ಬಿದ್ರೆ ಕುತ್ತಿಗೆ ಉಳಿಸೋ ಗ್ಯಾರಂಟಿ ದಪ್ಪ ಮ್ಯಾಟ್‌ಗೂ ಇಲ್ಲ, ಮೊದಮೊದಲು ಪಕ್ಕದಲ್ಲಿ ಹಿಡಿಯೋರು ಬೇಕೇ ಬೇಕು.

ಕ್ರೋಮ್ ಪೋಲ್‌ನಿಂದ ತೊಡೆ ತುರಿಕೆ ಬಂದ್ರೆ ಲೇಪದಡಿಯ ನಿಕೆಲ್ ಇರಬಹುದು. ಹಿತ್ತಾಳೆಗೋ ಪೌಡರ್ ಕೋಟಿಂಗ್‌ಗೋ ಬದಲಾಯಿಸಿ.

ಗರಡಿಮನಿ ಸೊಲ್ಲಾಪುರ
ಇನ್ವರ್ಟ್‌ಗೆ ತಯಾರ ಆಗ್ಯಾರೋ ಇಲ್ಲೋ ಹೆಂಗ ಗೊತ್ತು ಮಾಡೂದು? ನಮ್ಮಲ್ಲಿ ಹುಡುಗ್ರು ಜಿಗದು ಕಾಲು ಒಗೀತಾವ.

ಕಂಬದ ಮಾಸ್ತರ, ಜತ್ತ
ಜಿಗದು ಕಾಲು ಒಗದ್ರ ಇಡೀ ಝಟಕಾ ಮ್ಯಾಲಿನ ಕೈ ಭುಜಕ್ಕ ಹೋಗ್ತದ. ಭುಜ ಕಿವಿ ಹತ್ರ ಏರಿರ್ತದ, ರೆಕ್ಕಿ ಎಲುಬು (ಭುಜದ ಹಿಂದಿನ ಚಪ್ಪಟಿ ಎಲುಬು) ಸಡಲ, ಆ ಹೊತ್ತಿನ್ಯಾಗ ಮೈತೂಕ ಒಮ್ಮೆಲೇ ಜಗ್ಗತದ. ಭುಜ ಕೆಡೂದು ಹಿಂಗ.

ನನ್ನ ಲೆಕ್ಕ ಹೀಂಗ ಅದ. ಭುಜ ಕೆಳಗ ಜಗ್ಗಿ ಹಿಡ್ಕೊಂಡು 20 ಸೆಕೆಂಡ್ ಜೋತು ಬೀಳಲಾಕ ಬರಬೇಕು. ಕಂಬಕ್ಕ ಮಗ್ಗಲು ಕೊಟ್ಟು, ಮೊಣಕಾಲು ಮಡಚಿ ಎದಿಗೆ ತರೂದು, ಎರಡೂ ಕಡಿ ಐದೈದು, ನೆಲ ಒದೀಲಾರದ. ಆಮ್ಯಾಲ ಯಾರರೆ ಮ್ಯಾಲ ಏರಸಿದ್ರ ತಲಿಕೆಳಗಿನಿಂದ ಐದು ಎಣಸೂತನ ನಿಧಾನ ಇಳಿಯೂದು, ಮೂರು ಸಲ. ಇದಾದವರಿಗೆ ಇನ್ವರ್ಟ್. ಒಂದು ಕ್ಲಾಸಿಗೆ ಹತ್ತರ ಮ್ಯಾಲ ಬ್ಯಾಡ. ಎಡಕ್ಕ ಐದು, ಬಲಕ್ಕ ಐದು, ಬರಲಾರದ ಕಡಿ ಮೊದಲು. ಬರೂ ಕಡಿ ಮೊದಲು ಮಾಡಿದವರು ಬರಲಾರದ ಕಡಿಗೆ ಬರೂತನಕ ದಣದಿರ್ತಾರ, ಆಮ್ಯಾಲ "ಇವತ್ತು ಸಾಕು" ಅಂತಾರ. ವರ್ಷಾನಗಟ್ಟಲೆ ಒಂದ ಭುಜ ತಿನ್ನತದ.

ಬಿಸಿ ಮಾಡ್ಕೋಳೂದು 12-15 ನಿಮಿಷ: ಹಗ್ಗ ಜಿಗಿತ ಇಲ್ಲಾ ಮುದ್ಗರ, ಬಾರಿಗೆ ಜೋತು ಮೊಣಕೈ ಮಡಚಲಾರದ ಬರೀ ರೆಕ್ಕಿ ಎಲುಬು ಕೆಳಗ ಜಗ್ಗೂದು 2 ಸೆಟ್ 8, ರಬ್ಬರ್ ಪಟ್ಟಿ ಹಿಡ್ಕೊಂಡು ಮುಂಗೈ ಹೊರಗ ತಿರಗಸೂದು 2 ಸೆಟ್ 15.

ಹೊಸೂರು ಫಿಜಿಯೊ
ಇನ್ವರ್ಟ್ ಆದ ಮೇಲೆ ಎಲ್ಲರೂ ಹಾರೋದು ಸ್ಪ್ಲಿಟ್ ಗ್ರಿಪ್‌ಗೆ: ಮೇಲಿನ ಕೈ ಎಳೆಯುತ್ತೆ, ಕೆಳಗಿನ ಕೈ ತಳ್ಳುತ್ತೆ. ಜಿಮ್‌ನಲ್ಲಿ ಎಳೆಯೋದು ಮಾತ್ರ ಮಾಡಿದವರು ಸಿಕ್ಕಿಬೀಳೋದು ಈ ಕೆಳಗಿನ ಕೈಯಲ್ಲಿ. ತೂಕ ಇಳಿಯೋದು ಅಂಗೈ ಬುಡದ ಮೂಲಕ, ಮಣಿಕಟ್ಟು ಹಿಂದಕ್ಕೆ ಮಡಚಿರುತ್ತೆ. ತೋರುಬೆರಳನ್ನ ಕಂಬದ ಉದ್ದಕ್ಕೆ ಕೆಳಮುಖವಾಗಿ ಇಟ್ರೆ ಮಡಿಕೆ ಕಡಿಮೆ ಆಗುತ್ತೆ. ಮೊಣಕೈ ನೇರಕ್ಕಿಂತ ಹಿಂದಕ್ಕೆ ಬಾಗೋ ಮೈಕಟ್ಟು ಇರೋರು ಅಲ್ಲಿ ಬೀಗ ಹಾಕಿದಂತೆ ನಿಲ್ಲಬಾರದು. ಒಂದೆರಡು ಡಿಗ್ರಿ ಮಡಚಿಟ್ಟು ಸ್ನಾಯುವಿನಿಂದ ಹಿಡೀಬೇಕು, ಇಲ್ಲದಿದ್ರೆ ತೂಕ ಪೂರ್ತಿ ಕೀಲಿನ ಕಟ್ಟುಗಳ ಮೇಲೆ.

ನಿಂತು ತಲೆ ಮೇಲೆ ಬಾರ್ ಎತ್ತೋದು 3 ಸೆಟ್ 8 ಅಲುಗಾಡದೆ ಬರೋವರೆಗೆ ಇದನ್ನ ಮುಂದೂಡಿ. ಟ್ವಿಸ್ಟೆಡ್ ಗ್ರಿಪ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ: ತೋಳು ಒಳಕ್ಕೆ ತಿರುಚಿ ತಲೆ ಮೇಲಿರುವಾಗ ಇಡೀ ಮೈತೂಕ ಅದಕ್ಕೆ ಜೋತು ಬೀಳೋದು. ಭಂಗಿ ಚೆಂದ ಕಾಣುತ್ತೆ. ಭಾರವನ್ನೂ ಎತ್ತೋರು ಅದನ್ನ ಬಿಟ್ಟುಬಿಡೋದೇ ವಾಸಿ.

ತೊಡೆ ಹಿಂಭಾಗ ಇನ್ನೊಂದು. ರೊಮೇನಿಯನ್ ಡೆಡ್‌ಲಿಫ್ಟ್ (ಮೊಣಕಾಲು ಹೆಚ್ಚು ಮಡಚದೆ ಸೊಂಟದಿಂದ ಬಾಗಿ ಎತ್ತೋದು) ಮಾಡಿ ನೋವಿರೋ ಸ್ನಾಯುವನ್ನ ಮರುದಿನ ಸ್ಪ್ಲಿಟ್‌ಗೆ (ಕಾಲು ಪೂರ್ತಿ ಚಾಚಿ ಕೂರೋ ಭಂಗಿ, ಮೇಲಿನ ಸ್ಪ್ಲಿಟ್ ಗ್ರಿಪ್ ಅಲ್ಲ) ಎಳೆದ್ರೆ, ಕೂರುವಾಗ ಒತ್ತೋ ಮೂಳೆ ಇದೆಯಲ್ಲ, ಅಲ್ಲಿ ರಜ್ಜು ಕೆರಳುತ್ತೆ. ಬೈಕ್ ಸೀಟಲ್ಲೋ ಗಟ್ಟಿ ಕುರ್ಚೀಲೋ ಕೂತಾಗ ಚುಚ್ಚೋದು ಅದರ ಗುರುತು. ಅದನ್ನ ಬಿಗಿತ ಅಂದ್ಕೊಂಡು ಇನ್ನಷ್ಟು ಎಳೆಯೋದೇ ದೊಡ್ಡ ತಪ್ಪು, ಮೊದಲು ಸ್ಪ್ಲಿಟ್ ನಿಲ್ಲಿಸಬೇಕು. ಭಾರದ ಕಾಲಿನ ದಿನ ಮತ್ತು ಸ್ಪ್ಲಿಟ್ ನಡುವೆ 48 ಗಂಟೆ ಬಿಡಿ. "ಟಪ್" ಅಂತ ಸದ್ದಾಗಿ ಮರುದಿನ ತೊಡೆ ಹಿಂದೆ ಕಪ್ಪಾದ್ರೆ ಆಸ್ಪತ್ರೆಗೆ ಹೋಗಿ. ಒಳತೊಡೆಯ ಸಾದಾ ನೀಲಿ ಕಲೆ ಕಂಬದ ಒತ್ತಡದ್ದು, ಅದಕ್ಕೆ ಗಾಬರಿ ಬೇಡ, ಒತ್ತಿ ತಿಕ್ಕಲೂಬೇಡಿ.

ಬಾರ್‌ಬೆಲ್ ಅಕ್ಕಲಕೋಟ
ಸರಿ. ಹಂಗಾದ್ರ ಹಿಂಗ ಹೊಂದಸಿದ್ರ ನಡೀತದಾ ನೋಡ್ರಿ.

ಸೋಮವಾರ ಪೋಲ್, ಇನ್ವರ್ಟ್ ಹತ್ತು. ಸಂಜಿಕ ಸ್ಕ್ವಾಟ್ 3 ಸೆಟ್ 5, ತಲಿ ಮ್ಯಾಲ ಬಾರ್ 3 ಸೆಟ್ 8, ರಬ್ಬರ್ ಪಟ್ಟಿ. ಬುಧವಾರ ಪೋಲ್ ಹಗುರ, ಸ್ಪಿನ್ ಮತ್ತ ನೆಲದ ಕೆಲಸ. ಸಂಜಿಕ ಬೆಂಚ್ 3 ಸೆಟ್ 6, ಪುಲ್‌ಅಪ್ 3 ಸೆಟ್ 4. ಶುಕ್ರವಾರ ಪೋಲ್, ಹತ್ತೂದು ಮತ್ತ ಹೊಸಾದು. ಸಂಜಿಕ ಸ್ಟ್ರಾಪ್ ಹಾಕಿ ಡೆಡ್‌ಲಿಫ್ಟ್ 3 ಸೆಟ್ 4, ಎದಿ ಇಟ್ಟು ರೋ. ಮಂಗಳ, ಗುರು, ಶನಿ ಖಾಲಿ. ರವಿವಾರ ಸ್ಪ್ಲಿಟ್, 30 ಸೆಕೆಂಡಿನ ಮೂರು ಸಲ.

ಊಟದ್ದೂ ಕೇಳೂದಿತ್ತು. ತೂಕ ಇಳಸಿದ್ರ ಕಂಬ ಹಗುರ ಆಗ್ತದ ಅಂತ ಎಲ್ಲಾರೂ ಅಂತಾರ.

ಹೊಸೂರು ಫಿಜಿಯೊ
ಪಟ್ಟಿ ಚೆನ್ನಾಗಿದೆ. ಮೊಣಕೈ ಸರಿ ಹೋಗೋವರೆಗೆ ಬುಧವಾರದ ಪುಲ್‌ಅಪ್ ತೆಗೆದುಬಿಡಿ. ಪ್ರತಿ ಸೆಟ್ಟನ್ನೂ "ಇನ್ನೆರಡು ಎತ್ತಬಹುದಿತ್ತು" ಅನ್ನೋ ಕಡೆ ನಿಲ್ಲಿಸಿ. ಕಂಬದಲ್ಲಿ ಹೊಸ ಭಂಗಿ ಶುರು ಮಾಡಿದ ವಾರ ಬಾರ್‌ಗೆ ಪ್ಲೇಟ್ ಸೇರಿಸಬೇಡಿ.

ತೂಕ ಇಳಿಸೋ ವಿಷಯದಲ್ಲಿ ಹುಷಾರು. ವಾರಕ್ಕೆ ಆರು ಅಭ್ಯಾಸ ಮಾಡ್ತಾ ಊಟ ಕಡಿತ ಮಾಡಿದ್ರೆ ಗಾಯ ಮಾಗೋದು ನಿಧಾನ ಆಗುತ್ತೆ. ಮುಟ್ಟು ಮೂರು ತಿಂಗಳು ತಪ್ಪಿದ್ರೆ ಅದು "ಫಿಟ್‌ನೆಸ್‌ನಿಂದ ಹಾಗಾಗುತ್ತೆ" ಅಲ್ಲ. ಮೂಳೆ ಬಲ ಕಮ್ಮಿ ಆಗೋದಕ್ಕೂ ಅದು ದಾರಿ, ಅಷ್ಟರೊಳಗೇ ವೈದ್ಯರನ್ನ ನೋಡಿ.

ಗರಡಿಮನಿ ಸೊಲ್ಲಾಪುರ
ಊಟದ ಲೆಕ್ಕ ನಾ ಹೇಳ್ತೀನಿ, ಇದರಾಗರೆ ಗರಡಿ ಮಾತು ಕೇಳ್ರಿ. ಕೆ.ಜಿ.ಗೆ 1.6 ಗ್ರಾಂ ಪ್ರೋಟೀನ್ ಅಂತ ಹಿಡದ್ರ 58 ಕೆ.ಜಿ.ಗೆ ಸುಮಾರು 93 ಗ್ರಾಂ. 150 ಗ್ರಾಂ ಹಿಟ್ಟಿನ ಜ್ವಾಳದ ಭಕ್ರಿಯಿಂದ 15, 75 ಗ್ರಾಂ ತೊಗರಿ ಬ್ಯಾಳಿಯಿಂದ 16, ಮೂರು ತತ್ತಿಯಿಂದ 19, ಅರ್ಧ ಕೆ.ಜಿ. ಮೊಸರಿಂದ 16, 50 ಗ್ರಾಂ ಶೇಂಗಾದಿಂದ 13. ಆತು 79. ಉಳದದ್ದಕ್ಕ 30 ಗ್ರಾಂ ಸೋಯಾ ವಡಿ, 15. ಪೌಡರ್ ಡಬ್ಬಿ ಬೇಕಂತ ಏನಿಲ್ಲ.

ಏಕಾದಶಿ ಬಂದ್ರ ಭಾರ ಬ್ಯಾಡ. ಸಾಬೂದಾಣಿ ಖಿಚಡಿ ತಾಟ ತುಂಬ ತಿಂದ್ರೂ ಅದರಾಗಿನ ಪ್ರೋಟೀನ್ ಶೇಂಗಾದ್ದಷ್ಟ, ಸಾಬೂದಾಣಿ ಬರೇ ಪಿಷ್ಟ.

ಕಂಬದ ಮಾಸ್ತರ, ಜತ್ತ
ಶುಕ್ರವಾರದ ಡೆಡ್‌ಲಿಫ್ಟ್‌ಗೂ ರವಿವಾರದ ಸ್ಪ್ಲಿಟ್‌ಗೂ ನಡುವ 48 ತಾಸು ಬೀಳ್ತಾವ, ಶುಕ್ರವಾರ ಸಂಜಿಕ ಆರಕ್ಕ ಎತ್ತಿದ್ರ ರವಿವಾರ ಸಂಜಿಕ ಆರಕ್ಕ ಸ್ಪ್ಲಿಟ್. ರವಿವಾರ ಮುಂಜಾನಿ ಮಾಡಬ್ಯಾಡ್ರಿ. ನಾಕನೇ ವಾರಕ್ಕ ಎಲ್ಲಾ ಸೆಟ್ ಅರ್ಧ ಮಾಡ್ರಿ, ಬಾರ್ ಮ್ಯಾಲಿನ ತೂಕ ಹಂಗ ಇರ್ಲಿ. ಇನ್ವರ್ಟ್‌ನೂ ಆ ವಾರ ಐದ.

ಬಾರ್‌ಬೆಲ್ ಅಕ್ಕಲಕೋಟ
ಆತು. ಸ್ಟ್ರಾಪ್ ತರಸ್ತೀನಿ. ಬಟ್ಟಿದು ತಗೋಲ್ಯಾ, ಚರ್ಮದ್ದಾ?

ಮಡಕಶಿರಾ ಕಬ್ಬಿಣ
ಹತ್ತಿ ಬಟ್ಟೇದು. ಚರ್ಮದ್ದು ಬೆವರಿಗೆ ಗಟ್ಟಿಯಾಗುತ್ತೆ. ಅಗಲ ಒಂದೂವರೆ ಇಂಚು ಸಾಕು, ಬಾರ್‌ಗೆ ಎರಡು ಸುತ್ತು.